ಬಿಡುಗಡೆಯ ಅರವಟ್ಟಿಗೆ

ಲಂಡನ್ ನಗರದಲ್ಲಿ, ಪಾರ್ಲಿಮೆಂಟ್ ಭವನದ ತೆಂಕಣ ಮಗ್ಗುಲಿಗೆ, ಥೇಮ್ಸ್ ನದಿಯ ದಡದುದ್ದಕ್ಕೂ ಚಾಚಿಕೊಂಡಿರುವ ಒಂದು ಕಿರಿದಾದ ಉದ್ಯಾನವಿದೆ. ವಿಕ್ಟೋರಿಯ ಟವರ್ ಗಾರ್ಡನ್ಸ್ ಎಂದು ಅದರ ಹೆಸರು. ಅಲ್ಲಿಯ ಹುಲ್ಲಿನ ನಡುವೆ ನಿಂತಿರುವ ಮಂಟಪವೊಂದನ್ನು ದೂರದಿಂದ ಕಂಡವರಿಗೆ, ಯಾವುದೋ ಪುಟ್ಟ ಚರ್ಚಿನ ಶಿಖರವನ್ನಷ್ಟೇ ಇಳಿಸಿ ತಂದು ನೆಲದ ಮೇಲೆ ಇರಿಸಿದಂತೆ ತೋರುತ್ತದೆ. ಎಂಟು ಮೂಲೆ, ಎಂಟು ಕಮಾನು. ನುಣುಪುಗೊಳಿಸಿದ ಅಮೃತಶಿಲೆಯ ಗೊಂಚಲುಗಂಬಗಳು. ಮೇಲೆ ಚೂಪಾಗಿ ಏರಿದ ಛಾವಣಿ, ಅದಕ್ಕೆ ಬಣ್ಣಬಣ್ಣದ ಎನಾಮೆಲ್ ತಗಡಿನ ಹೊದಿಕೆ. ಒಳಹೊಕ್ಕು ನೋಡಿದರೆ ನಡುಗಂಬದ ಸುತ್ತ ಗ್ರಾನೈಟ್ ಕಲ್ಲಿನ ನಾಲ್ಕು ತೊಟ್ಟಿಗಳು. ಇಷ್ಟೆಲ್ಲ ಆಡಂಬರ ದಾರಿಹೋಕನಿಗೆ ಒಂದು ಬೊಗಸೆ ಕುಡಿಯುವ ನೀರು ಕೊಡುವುದಕ್ಕಾಗಿ! ಇದು ಬಕ್ಸ್‌ಟನ್ ಸ್ಮಾರಕ ಕಾರಂಜಿ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮರ ಬಿಡುಗಡೆಯಾದದ್ದರ ನೆನಪಿಗೆಂದೂ, ಅದಕ್ಕಾಗಿ ದುಡಿದ ತಂದೆಯ ನೆನಪಿಗೆಂದೂ ಮಗನೊಬ್ಬನು ೧೮೬೫ರಲ್ಲಿ ಕಟ್ಟಿಸಿದ್ದು.

ಸತ್ತವರ ಹೆಸರಿನಲ್ಲಿ ನೀರು ಕೊಡುವುದು ನಮ್ಮವರಿಗೆ ಹೊಸದೇನಲ್ಲ. ಬಾವಿ ತೋಡಿಸುವುದು, ಕೆರೆ ಕಟ್ಟಿಸುವುದು, ಬೇಸಗೆಯಲ್ಲಿ ದಾರಿಬದಿಗೆ ಚಪ್ಪರ ಹಾಕಿ ಮಡಕೆಗಳಲ್ಲಿ ನೀರಿರಿಸುವುದು, ಉಳ್ಳವರಾದರೆ ಜೊತೆಗೆ ನೀರುಮಜ್ಜಿಗೆ, ಪಾನಕ. ಅರವಟ್ಟಿಗೆ ಎಂಬ ಮಾತು ಕನ್ನಡದಷ್ಟೇ ಹಳೆಯದೆನಿಸುತ್ತದೆ. ಶಾಸನಗಳಲ್ಲಿ ಅದು ಅಱವಂಟಿಗೆ. ‘ಅಱ’ ಎಂದರೆ ಧರ್ಮ. ಇಂಗ್ಲೆಂಡಿನ ರಾಜಧಾನಿಗೆ ಮಾತ್ರ ಈ ಧರ್ಮದ ನೆನಪಾದದ್ದು ತೀರ ತಡವಾಗಿ, ಅದೂ ಸಾವಿನ ಭಯದಿಂದ.

ಕಳೆದ ಶತಮಾನದ ಹಿಂದಿನ ಶತಮಾನದ ನಡುಗಾಲದಲ್ಲಿ ಲಂಡನ್ನಿನ ಬಡವರಿಗೆ ಕುಡಿಯಲು ಯೋಗ್ಯವಾದ ನೀರು ಪುಕ್ಕಟೆಯಾಗಿ ದೊರೆಯುವ ಸ್ಥಳಗಳು ವಿರಳವಾಗಿದ್ದವು. ನೀರು ಸರಬರಾಜು ಖಾಸಗಿ ಕಂಪೆನಿಗಳ ಕೈಯಲ್ಲಿತ್ತು. ನಗರದ ಹೊಲಸೆಲ್ಲ ಥೇಮ್ಸ್ ನದಿಗೆ ಹರಿಯುತ್ತಿತ್ತು. ೧೮೫೪ರಲ್ಲಿ ಕಾಲರಾ ಬೇನೆ ಎದ್ದಾಗ, ಬ್ರಾಡ್ ಸ್ಟ್ರೀಟಿನ ಒಂದೇ ಒಂದು ಪಂಪಿನ ನೀರು ಕುಡಿದವರ ಮನೆಗಳಲ್ಲಿಯೇ ಸಾವು ಹೆಚ್ಚೆಂಬುದನ್ನು ವೈದ್ಯನಾದ ಜಾನ್ ಸ್ನೋ ಎಣಿಕೆಮಾಡಿ ತೋರಿಸಿದನು; ಪಂಪಿನ ಹಿಡಿಯನ್ನು ಕಳಚಿಹಾಕಿದರು. ೧೮೫೮ರ ಬೇಸಗೆಯಲ್ಲಿ ನದಿಯ ದುರ್ನಾತ ಪಾರ್ಲಿಮೆಂಟ್ ಭವನದ ಕಿಟಕಿಗಳನ್ನೇ ಹೊಕ್ಕಿತು. ಶಾಸನಕರ್ತರ ಮೂಗಿಗೆ ತಟ್ಟಿದ ಮೇಲೆ ಕೆಲಸ ಚುರುಕಾದದ್ದರಲ್ಲಿ ಆಶ್ಚರ್ಯವಿಲ್ಲ. ಮರುವರ್ಷವೇ ಸ್ಯಾಮ್ಯುಎಲ್ ಗರ್ನಿ ಎಂಬ ಪಾರ್ಲಿಮೆಂಟ್ ಸದಸ್ಯನ ಮುಂದಾಳುತನದಲ್ಲಿ ಉಚಿತ ಕುಡಿಯುವ ನೀರಿನ ಕಾರಂಜಿಗಳ ಸಂಘವೊಂದು ಹುಟ್ಟಿತು. ೧೮೫೯ರ ಏಪ್ರಿಲ್ ೨೧ರಂದು ಸೇಂಟ್ ಸೆಪಲ್ಕರ್ ಚರ್ಚಿನ ಗೋಡೆಯಲ್ಲಿ ಮೊದಲನೆಯ ಕಾರಂಜಿ ತೆರೆಯಿತು. ಸರಪಳಿಗೆ ಕಟ್ಟಿದ ಲೋಟಗಳು. ಕುಡಿದು ಲೋಟವನ್ನು ಮತ್ತೆ ಅಲ್ಲಿಯೇ ಇಡಬೇಕೆಂದು ಕಲ್ಲಿನಲ್ಲಿ ಕೊರೆದ ಸೂಚನೆ. ದಿನಕ್ಕೆ ಏಳು ಸಾವಿರ ಜನ ಅಲ್ಲಿ ನೀರು ಕುಡಿಯುತ್ತಿದ್ದರಂತೆ. ಹೆಂಡದಂಗಡಿಗೆ ಹೋಗುವ ಬಾಯಾರಿದ ಕೂಲಿಯವನನ್ನು ಅಡ್ಡಗಟ್ಟಬೇಕೆಂಬುದೂ ಸಂಘದ ಉದ್ದೇಶಗಳಲ್ಲಿ ಒಂದು. (ಹತ್ತು ವರ್ಷ ಕಳೆಯುವುದರೊಳಗೆ, ೧೮೬೯ರಲ್ಲಿ, ಮುಂಬಯಿಯ ಪಾರಸಿ ಶ್ರೀಮಂತ ಕವಾಸ್‌ಜೀ ಜಹಾಂಗೀರ್ ರೆಡಿಮನಿಯವರು ಲಂಡನ್ನಿನ ರೀಜೆಂಟ್ಸ್ ಪಾರ್ಕಿಗೆ ಒಂದು ಕಾರಂಜಿಯನ್ನು ದಾನವಾಗಿ ಕೊಟ್ಟರು. ಆಳುವವರ ರಾಜಧಾನಿಯಲ್ಲಿ ಆಳಿಸಿಕೊಂಡವರ ಅರವಟ್ಟಿಗೆ! ಅದು ಇಂದಿಗೂ ಅಲ್ಲಿ ನಿಂತಿದೆ.)

ಬಕ್ಸ್‌ಟನ್ ಸ್ಮಾರಕವನ್ನು ಕಟ್ಟಿಸಿದ ಚಾರ್ಲ್ಸ್ ಬಕ್ಸ್‌ಟನ್ ಈ ಗರ್ನಿಗೆ ಸೋದರತ್ತೆಯ ಮಗ. ತಾನೂ ಪಾರ್ಲಿಮೆಂಟಿನ ಸದಸ್ಯ. ಸ್ಯಾಮ್ಯುಎಲ್ ಟ್ಯೂಲನ್ ಎಂಬ ವಾಸ್ತುಶಿಲ್ಪಿಯೊಡನೆ ಕುಳಿತು ನಕ್ಷೆಯನ್ನು ತಾನೇ ರೂಪಿಸಿ, ಸುಮಾರು ೧,೨೦೦ ಪೌಂಡ್ ಸುರಿದು ಕಟ್ಟಿಸಿದನು. ಅವನ ತಂದೆ ಸರ್ ಥಾಮಸ್ ಫೋವೆಲ್ ಬಕ್ಸ್‌ಟನ್ (೧೭೮೬–೧೮೪೫). ಕೌತುಕದ ಸಂಗತಿಯೆಂದರೆ ಈ ಮನೆತನದ ಸಂಪತ್ತು ಬಂದದ್ದು ಬಿಯರ್ ಭಟ್ಟಿಯಿಂದ. ಲಂಡನ್ನಿನ ಹೆಸರುವಾಸಿಯಾದ ಟ್ರೂಮನ್ ಹ್ಯಾನ್ಬರಿ ಭಟ್ಟಿಗೆ ತಂದೆ ೧೮೦೮ರಲ್ಲಿ ಕೆಲಸಕ್ಕೆ ಸೇರಿ, ಮೂರು ವರ್ಷದೊಳಗೆ ಪಾಲುದಾರನಾದನು. ಹೆಂಡದ ಹಣದಿಂದ ನೀರಿನ ದಾನ ಎಂದು ಕೊಂಕು ನುಡಿಯುವವರು ನುಡಿಯಬಹುದು. ಆದರೆ ಆ ಹಣದ ಬಲವಿಲ್ಲದಿದ್ದರೆ, ಮಂತ್ರಿಮಂಡಲಗಳ ಮುಖ ನೋಡದೆ ಹತ್ತು ವರ್ಷ ಒಂದೇ ವಿಷಯಕ್ಕೆ ಜೋತುಬಿದ್ದಿರುವುದು ಅವನಿಗೆ ಸಾಧ್ಯವಾಗುತ್ತಿತ್ತೆ ಎಂಬುದೂ ಕೇಳಬೇಕಾದ ಪ್ರಶ್ನೆಯೇ.

೧೮೦೭ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರವನ್ನು ನಿಷೇಧಿಸಿತ್ತು, ಗುಲಾಮಗಿರಿಯನ್ನಲ್ಲ. ಹೊಸದಾಗಿ ಆಫ್ರಿಕದಿಂದ ಜನರನ್ನು ಹಡಗು ತುಂಬಿ ತರುವಂತಿರಲಿಲ್ಲ, ಆದರೆ ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಆಗಲೇ ಇದ್ದವರು, ಅವರ ಮಕ್ಕಳು, ಮೊಮ್ಮಕ್ಕಳು ಧಣಿಯ ಸೊತ್ತಾಗಿಯೇ ಉಳಿದರು. ಮುಪ್ಪಿನಿಂದ ಸೋತ ವಿಲ್ಬರ್‌ಫೋರ್ಸ್ ೧೮೨೧ರಲ್ಲಿ ಪತ್ರ ಬರೆದು, ಉಳಿದ ಅರ್ಧ ಕೆಲಸದ ಭಾರವನ್ನು ಹೊರಬೇಕೆಂದು ಬಕ್ಸ್‌ಟನ್ನನನ್ನು ಕೇಳಿಕೊಂಡನು. ೧೮೨೩ರಲ್ಲಿ ಬಕ್ಸ್‌ಟನ್ ಕಾಮನ್ಸ್ ಸಭೆಯಲ್ಲಿ ಮೊದಲ ನಿರ್ಣಯ ಮಂಡಿಸಿದನು. ಅಲ್ಲಿಂದ ಹತ್ತು ವರ್ಷ. ೧೮೩೩ರಲ್ಲಿ ಹೆಂಗಸರೇ ಸಹಿಮಾಡಿದ ಒಂದು ಮನವಿ ಸಭೆಗೆ ಬಂದಿತು. ಸಹಿಗಳ ಸಂಖ್ಯೆ ಒಂದು ಲಕ್ಷ ಎಂಬತ್ತೇಳು ಸಾವಿರಕ್ಕೂ ಮಿಗಿಲು. ಕಾಗದದ ಆ ಸುರುಳಿಯನ್ನು ಒಳಗೆ ತರಲು ನಾಲ್ವರು ಸದಸ್ಯರು ಹೆಗಲು ಕೊಡಬೇಕಾಯಿತು. ಅದನ್ನು ಕೂಡಿಸಲು ದುಡಿದವರಲ್ಲಿ ಬಕ್ಸ್‌ಟನ್ನನ ಮಗಳು ಪ್ರಿಸಿಲ್ಲ ಒಬ್ಬಳು. ಮುಂದೆ ೧೮೩೪ರ ಆಗಸ್ಟ್ ೧ರಂದು, ಕಾನೂನು ಜಾರಿಗೆ ಬಂದ ದಿನವೇ, ಅವಳ ಮದುವೆ ನಡೆಯಿತು.

ಆದರೆ ಕಾನೂನನ್ನು ತಂದವರು ಲಂಡನ್ನಿನ ಸಜ್ಜನರು ಮಾತ್ರವೇ? ೧೮೩೧ರ ಕ್ರಿಸ್‌ಮಸ್ ಹೊತ್ತಿಗೆ ಜಮೈಕದಲ್ಲಿ ಗುಲಾಮರು ಸಾವಿರಾರು ಸಂಖ್ಯೆಯಲ್ಲಿ ತಿರುಗಿಬಿದ್ದರು. ಮುಂದಾಳು ಸ್ಯಾಮ್ ಷಾರ್ಪ್ ತಾನೂ ಗುಲಾಮ. ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬೋಧನೆ ಮಾಡುತ್ತಿದ್ದವನು. ಕೂಲಿ ಕೊಡದಿದ್ದರೆ ದುಡಿಯುವುದಿಲ್ಲವೆಂಬ ಪ್ರತಿಜ್ಞೆಯಿಂದ ಆರಂಭವಾದದ್ದು ಬೆಂಕಿಯಾಗಿ ಹಬ್ಬಿತು. ಮುನ್ನೂರಕ್ಕೂ ಹೆಚ್ಚು ಮಂದಿಗೆ ಮರಣದಂಡನೆ; ಷಾರ್ಪನನ್ನು ೧೮೩೨ರ ಮೇ ೨೩ರಂದು ಗಲ್ಲಿಗೇರಿಸಿದರು. ಹೀಗೇ ಬಿಟ್ಟರೆ ದ್ವೀಪಗಳೇ ಕೈಬಿಡುವುವೆಂಬ ಅಂಜಿಕೆ ಪಾರ್ಲಿಮೆಂಟಿನಲ್ಲಿ ಧರ್ಮಬುದ್ಧಿಗಿಂತ ಕಡಮೆ ಕೆಲಸವನ್ನೇನೂ ಮಾಡಲಿಲ್ಲ.

೧೮೩೩ರ ಆಗಸ್ಟ್ ೨೮ರಂದು ಅರಸನ ಅಂಕಿತ ಬಿದ್ದಿತು. ಸುಮಾರು ಎಂಟು ಲಕ್ಷ ಮಂದಿಯ ಬಿಡುಗಡೆ. ಪರಿಹಾರವೂ ಗೊತ್ತಾಯಿತು: ಎರಡು ಕೋಟಿ ಪೌಂಡು. ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ಐದರಲ್ಲಿ ಎರಡು ಪಾಲಿನಷ್ಟು ದೊಡ್ಡ ಮೊತ್ತ. ಕೊಟ್ಟದ್ದು ಯಾರಿಗೆ? ಧಣಿಗಳಿಗೆ, ಅವರ ‘ಸೊತ್ತು’ ಹೋದದ್ದಕ್ಕಾಗಿ. ಬೆನ್ನಿನ ಮೇಲೆ ಬಾಸುಂಡೆ ಹೊತ್ತವನಿಗೆ ಒಂದು ಬಿಡಿಗಾಸೂ ಇಲ್ಲ. ಆರು ವರ್ಷ ಮೀರಿದವರೆಲ್ಲ ‘ಕಲಿಕೆಯವರು’ ಎಂಬ ಹೊಸ ಹೆಸರಿನಲ್ಲಿ ಹಳೆಯ ಧಣಿಗೇ ಇನ್ನೂ ಕೆಲವು ವರ್ಷ, ವಾರಕ್ಕೆ ನಾಲ್ವತ್ತೈದು ಗಂಟೆಯಂತೆ, ಕೂಲಿಯಿಲ್ಲದೆ ದುಡಿಯಬೇಕೆಂದು ಕಟ್ಟಳೆ. ಹುಟ್ಟಿದಂದಿನಿಂದ ಕಬ್ಬು ಕಡಿದವನು ಇನ್ನು ಕಲಿಯಬೇಕಾದದ್ದೇನಿತ್ತೋ! ಈ ಕಪಟ ಕೊನೆಗೊಂಡದ್ದು ೧೮೩೮ರ ಆಗಸ್ಟ್ ೧ರಂದು. ಪರಿಹಾರಕ್ಕಾಗಿ ಎತ್ತಿದ ಸಾಲ ಮುಂದಿನ ಸಾಲಗಳಲ್ಲಿ ಬೆರೆಯುತ್ತ ಬಂದು, ಬ್ರಿಟನ್ನಿನ ತೆರಿಗೆದಾರರ ಲೆಕ್ಕದಿಂದ ಪೂರ್ತಿಯಾಗಿ ಕಳೆದದ್ದು ೨೦೧೫ರಲ್ಲಿ.

ಈಗ ಮತ್ತೆ ಮಂಟಪದ ಬಳಿಗೆ ಬಂದು ಅದರ ಮೇಲಿನ ಬರಹವನ್ನು ಓದಬಹುದು. ವಿಲ್ಬರ್‌ಫೋರ್ಸ್, ಕ್ಲಾರ್ಕ್‌ಸನ್, ಮೆಕಾಲೆ, ಬ್ರೂಮ್, ಲಷಿಂಗ್‌ಟನ್ ಎಂಬ ಹೆಸರುಗಳು ತಂದೆಯ ಹೆಸರಿನ ಜೊತೆಗಿವೆ. ವ್ಯಾಪಾರವನ್ನು ನಿಲ್ಲಿಸಿದ ಪಾರ್ಲಿಮೆಂಟ್ ಸದಸ್ಯರು, ಬಿಡುಗಡೆಗಾಗಿ ವಾದಿಸಿದ ಪಾರ್ಲಿಮೆಂಟ್ ಸದಸ್ಯರು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮನವಿಗೆ ಸಹಿಮಾಡಿದ ಹೆಂಗಸರಿಗೆ ಮತವೂ ಇರಲಿಲ್ಲ, ಸಭೆಯಲ್ಲಿ ಪೀಠವೂ ಇರಲಿಲ್ಲ. ಕಲ್ಲಿನಲ್ಲಿಯೂ ಅವರಿಗೆ ಎಡೆಯಿಲ್ಲ. ಛಾವಣಿಯ ಎಂಟು ಮೂಲೆಗಳಲ್ಲಿ ಎಂಟು ಕಂಚಿನ ಬೊಂಬೆಗಳನ್ನು ನಿಲ್ಲಿಸಿದ್ದರು: ಪುರಾತನ ಬ್ರಿಟನ್ನರ ಕರಾಕ್ಟಕಸ್, ರೋಮನರ ಕಾನ್‌ಸ್ಟಂಟೈನ್, ಡೇನರ ಕನ್ಯೂಟ್, ಸ್ಯಾಕ್ಸನರ ಆಲ್‌ಫ್ರೆಡ್, ನಾರ್ಮನರ ವಿಲಿಯಂ ಎಂದು ಮೊದಲಾಗಿ ವಿಕ್ಟೋರಿಯ ರಾಣಿಯವರೆಗೆ, ಎಲ್ಲರೂ ದೇಶವನ್ನಾಳಿದವರೇ. ಗುಲಾಮರ ಬಿಡುಗಡೆಯ ಸ್ಮಾರಕದಲ್ಲಿ ಗುಲಾಮನ ಬೊಂಬೆ ಒಂದೂ ಇಲ್ಲ.

ಚಾರ್ಲ್ಸ್ ಬಕ್ಸ್‌ಟನ್ ಮನಸ್ಸಿಲ್ಲದ ಮನುಷ್ಯನಾಗಿದ್ದನೆಂದು ಇದರಿಂದ ತೀರ್ಮಾನಿಸಬಾರದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮಗಿರಿ ಅಳಿದದ್ದು ಅದೇ ೧೮೬೫ರಲ್ಲಿ. ಆ ಸಂತೋಷವನ್ನೂ ಅವನು ಕಲ್ಲಿನಲ್ಲಿ ಬರೆಯಿಸಿದನು. ಅದೇ ವರ್ಷದ ಅಕ್ಟೋಬರಿನಲ್ಲಿ, ಬಿಡುಗಡೆ ಹೊಂದಿ ಒಂದು ತಲೆಮಾರು ಕಳೆದಿದ್ದ ಜಮೈಕದ ಜನ ಮೊರಾಂಟ್ ಬೇ ಎಂಬಲ್ಲಿ ದಂಗೆಯೆದ್ದಾಗ, ಗವರ್ನರ್ ಐರ್ ನಾನೂರಕ್ಕೂ ಹೆಚ್ಚು ಮಂದಿಯನ್ನು ಕೊಲ್ಲಿಸಿದನು, ನೂರಾರು ಮಂದಿಗೆ ಚಾವಟಿಯೇಟು ಹಾಕಿಸಿದನು, ಸಾವಿರದಷ್ಟು ಮನೆಗಳು ಬೂದಿಯಾದವು. ಇದರ ವಿಚಾರಣೆಯಾಗಬೇಕೆಂದು ಲಂಡನ್ನಿನಲ್ಲಿ ಕೂಡಿದ ಸಮಿತಿಗೆ ಮೊದಲ ಅಧ್ಯಕ್ಷನಾದವನು ಈ ಚಾರ್ಲ್ಸನೇ. ಐರನ ಮೇಲೆ ಕೊಲೆಯ ಮೊಕದ್ದಮೆ ಹೂಡಬೇಕೆಂದು ಉಳಿದವರು ಹಟ ಹಿಡಿದಾಗ ಮಾತ್ರ ಹಿಂದೆ ಸರಿದನು. ಕರುಣೆಗೆ ಅವನಲ್ಲಿ ಕೊರತೆಯಿರಲಿಲ್ಲ, ಆದರೆ ಅದಕ್ಕೊಂದು ಎಲ್ಲೆಯಿತ್ತು.

ಎಲ್ಲೆಯ ಮಾತು ಬಂದದ್ದರಿಂದ, ಭಾರತೀಯ ವಾಚಕನು ಆ ಬರಹದಲ್ಲಿ ತಡೆದು ನಿಲ್ಲಬೇಕಾದ ಒಂದು ಮಾತನ್ನು ಇಲ್ಲಿ ಹೇಳಬೇಕು. ೧೮೩೪ರಲ್ಲಿ ಬಿಡುಗಡೆಯಾದದ್ದು ‘ಬ್ರಿಟಿಷ್ ಅಧೀನ ದೇಶಗಳಲ್ಲೆಲ್ಲ’ ಎಂಬ ಅರ್ಥ ಬರುವಂತೆ ಅಲ್ಲಿ ಕೊರೆಯಲಾಗಿದೆ. ಇದು ನಿಜವಲ್ಲ. ೧೮೩೩ರ ಕಾನೂನಿನ ೬೪ನೆಯ ವಿಧಿ ಮೂರು ಕಡೆಗಳನ್ನು ಹೊರಗಿಟ್ಟಿತ್ತು: ಈಸ್ಟ್ ಇಂಡಿಯಾ ಕಂಪೆನಿಯ ವಶದಲ್ಲಿದ್ದ ನಾಡುಗಳು, ಸಿಂಹಳ, ಸೇಂಟ್ ಹೆಲೀನ. ಎಂದರೆ ಬ್ರಿಟಿಷ್ ಚಕ್ರಾಧಿಪತ್ಯದ ಜನರಲ್ಲಿ ಬಹುಪಾಲು ಮಂದಿ ಈ ಬಿಡುಗಡೆಯ ಹೊರಗೇ ಉಳಿದರು. ಅದೇ ದಿನ, ಅದೇ ೧೮೩೩ರ ಆಗಸ್ಟ್ ೨೮ರಂದು, ಕಂಪೆನಿಯ ಸನ್ನದಿನ ಕಾನೂನಿಗೂ ಅಂಕಿತ ಬಿದ್ದಿತು. ಅದರ ಮಸೂದೆಯಲ್ಲಿ ಮೊದಲು, ಭಾರತದ ಗುಲಾಮಗಿರಿ ೧೮೩೭ರ ಏಪ್ರಿಲ್ ೧೨ಕ್ಕೆ ಕೊನೆಗೊಳ್ಳಬೇಕೆಂಬ ಗಡುವಿತ್ತು. ಪ್ರಭುಗಳ ಸಭೆಯಲ್ಲಿ ಇದನ್ನು ಮುಟ್ಟಬೇಡಿರೆಂದು ಎಚ್ಚರಿಸಿದವರಲ್ಲಿ ವೆಲಿಂಗ್‌ಟನ್ ಡ್ಯೂಕನೂ ಒಬ್ಬ. ೧೭೯೯ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಅದೇ ವೆಲ್ಲೆಸ್ಲಿ. ಕೊನೆಗೆ ಗಡುವು ಬಿದ್ದುಹೋಗಿ, ಗುಲಾಮರ ಸ್ಥಿತಿಯನ್ನು ಸುಧಾರಿಸುವ ಉಪಾಯಗಳನ್ನು ಗವರ್ನರ್ ಜನರಲ್ ಆಲೋಚಿಸತಕ್ಕದ್ದು ಎಂಬಷ್ಟು ಮಾತ್ರ ಉಳಿಯಿತು.

ಭಾರತದಲ್ಲಿ ಗುಲಾಮರಿದ್ದರೆ ಎಂದು ಹುಬ್ಬೇರಿಸುವವರು ದೂರ ಹೋಗಬೇಕಾಗಿಲ್ಲ. ಟಿಪ್ಪುವಿನ ಪತನವಾದ ಮರುವರ್ಷ, ೧೮೦೦–೦೧ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿ ಬರೆದ ಪ್ರವಾಸಗ್ರಂಥ ಲಂಡನ್ನಿನಲ್ಲಿ ಅಚ್ಚಾದದ್ದು ಸರಿಯಾಗಿ ೧೮೦೭ರಲ್ಲಿ, ಗುಲಾಮರ ವ್ಯಾಪಾರ ನಿಂತ ವರ್ಷದಲ್ಲೇ. ಕೆನರಾ ಜಿಲ್ಲೆಯ ಬೇಸಾಯಗಾರರ ಬಳಿ ಇದ್ದ ಆಳುಗಳನ್ನು ಅವನು ಎರಡು ಬಗೆಯಾಗಿ ಗುರುತಿಸುತ್ತಾನೆ: ಕೂಲಿಯಾಳು, ಮೂಲದಾಳು. ಮೊದಲನೆಯವನು ಕೂಲಿಗೆ ಬಂದವನು. ಎರಡನೆಯವನು ಕೊಂಡು ತಂದವನು. ಮಲಬಾರಿನಲ್ಲಿ ಅಂಥವರನ್ನು ಮಾರುತ್ತಿದ್ದರು, ಅಡವಿಡುತ್ತಿದ್ದರು, ಬಾಡಿಗೆಗೆ ಕೊಡುತ್ತಿದ್ದರು ಎಂದು ಅವನು ಒಂದೊಂದಕ್ಕೂ ಪದ್ಧತಿಯ ಹೆಸರು ಹಿಡಿದು ವಿವರಿಸಿದ್ದಾನೆ. ಜಮೈಕದಂತೆ ಇಲ್ಲಿ ಹಡಗೂ ಇರಲಿಲ್ಲ, ಹರಾಜುಕಟ್ಟೆಯೂ ಕಣ್ಣಿಗೆ ಬೀಳುವಂತಿರಲಿಲ್ಲ. ಜಾತಿಯ ಏಣಿಯ ತೀರ ಕೆಳಗಿನ ಮೆಟ್ಟಿಲಲ್ಲಿ ಹುಟ್ಟಿದುದೇ ಸಂಕೋಲೆಯಾಗಿತ್ತು. ಲಂಡನ್ನಿನವರಿಗೆ ಇದು ‘ಸೌಮ್ಯವಾದ’ ಗುಲಾಮಗಿರಿಯಾಗಿ ಕಂಡಿತು; ಹಾಗೆ ಕಾಣುವುದು ಕಂಪೆನಿಯ ಕಂದಾಯಕ್ಕೂ ಅನುಕೂಲವಾಗಿತ್ತು.

ಕಾರಂಜಿಯ ಮೇಲಿರುವ ಮೆಕಾಲೆ ಎಂಬ ಹೆಸರು ನಮ್ಮಲ್ಲಿ ಬೈಸಿಕೊಳ್ಳುವ ಮೆಕಾಲೆಯದಲ್ಲ. ಅವನ ತಂದೆ ಜಕಾರಿ ಮೆಕಾಲೆಯದು. ಜಕಾರಿ ಹರೆಯದಲ್ಲಿ ಜಮೈಕದ ತೋಟವೊಂದರಲ್ಲಿ ಗುಮಾಸ್ತೆಯಾಗಿದ್ದು ಕಣ್ಣಾರೆ ಕಂಡು ಹೇಸಿ, ಮುಂದಿನ ಬಾಳನ್ನೆಲ್ಲ ಆ ಪಾಪದ ವಿರುದ್ಧ ಅಂಕಿ ಅಂಶ ಕೂಡಿಸುವುದರಲ್ಲಿ ಕಳೆದವನು. ಮಗ ಥಾಮಸ್ ಭಾರತಕ್ಕೆ ಬಂದು ದಂಡಸಂಹಿತೆಯ ಕರಡನ್ನು ೧೮೩೭ರಲ್ಲಿ ಸಿದ್ಧಪಡಿಸಿದಾಗ, ಹೊಡೆದವನು ಧಣಿ, ಹೊಡೆಸಿಕೊಂಡವನು ಗುಲಾಮ ಎಂಬ ಕಾರಣಕ್ಕೆ ಯಾವ ಅಪರಾಧಕ್ಕೂ ಮಾಫಿಯಿರಕೂಡದೆಂದು ನಿಲುವು ತಾಳಿದನು. ಇಂಗ್ಲಿಷ್ ವಿದ್ಯೆಯ ಕಡತವೊಂದರಿಂದಲೇ ಅವನನ್ನು ಅಳೆಯುವವರು ಇದನ್ನೂ ತಕ್ಕಡಿಗೆ ಹಾಕಬೇಕು. ಕರಡು ಕಾನೂನಾಗಲು ೧೮೬೦ರವರೆಗೆ ಕಾಯಬೇಕಾಯಿತು. ನಡುವೆ ೧೮೪೩ರಲ್ಲಿ ಐದನೆಯ ಆಕ್ಟ್ ಬಂದಿತು: ಬಾಕಿ ವಸೂಲಿಗಾಗಿ ಯಾವ ಅಧಿಕಾರಿಯೂ ಮನುಷ್ಯನನ್ನು ಮಾರಕೂಡದು, ಗುಲಾಮನ ಮೇಲಿನ ಹಕ್ಕನ್ನು ಯಾವ ನ್ಯಾಯಾಲಯವೂ ಎತ್ತಿಹಿಡಿಯಕೂಡದು, ಗುಲಾಮನೆಂಬ ನೆವದಿಂದ ಯಾರ ಆಸ್ತಿಯನ್ನೂ ಕಸಿಯಕೂಡದು.  ಗುಲಾಮನನ್ನು ಇಟ್ಟುಕೊಳ್ಳುವುದು ಅಪರಾಧವೆಂದು ಅದು ಹೇಳಲಿಲ್ಲ. ಡಂಗುರವಿಲ್ಲ, ಹಬ್ಬವಿಲ್ಲ, ಪರಿಹಾರವಿಲ್ಲ. ಆ ದಿನ ತಾವು ಬಿಡುಗಡೆಯಾದೆವೆಂಬ ಸುದ್ದಿ ಎಷ್ಟು ಮೂಲದಾಳುಗಳ ಗುಡಿಸಲನ್ನು ತಲಪಿರಬಹುದು?

ಈ ನಡುವೆ ವೆಸ್ಟ್ ಇಂಡೀಸಿನ ಧಣಿಗಳು ಸುಮ್ಮನಿರಲಿಲ್ಲ. ಎರಡು ಸಾವಿರದ ಐನೂರಕ್ಕೂ ಹೆಚ್ಚು ಗುಲಾಮರ ಲೆಕ್ಕ ತೋರಿಸಿ ಒಂದು ಲಕ್ಷ ಪೌಂಡಿಗೂ ಮೀರಿದ ಪರಿಹಾರ ಪಡೆದ ಜಾನ್ ಗ್ಲಾಡ್‌ಸ್ಟನ್, ಮುಂದೆ ಪ್ರಧಾನಿಯಾದ ಗ್ಲಾಡ್‌ಸ್ಟನ್ನನ ತಂದೆ, ಬ್ರಿಟಿಷ್ ಗಯಾನದ ತೋಟಗಳಿಗೆ ಬದಲಿ ಆಳುಗಳನ್ನು ಹುಡುಕಿದ್ದು ಕಲ್ಕತ್ತೆಯಲ್ಲಿ. ೧೮೩೮ರ ಮೇ ೫ರಂದು ಎರಡು ಹಡಗುಗಳಲ್ಲಿ ಭಾರತದ ಕೂಲಿಗಳು ಅಲ್ಲಿಗೆ ಮುಟ್ಟಿದರು. ಮಾರಿಷಸ್ಸಿಗೆ ಮೊದಲ ತಂಡ ಅದಕ್ಕೂ ಮುಂಚೆ, ೧೮೩೪ರ ನವೆಂಬರಿನಲ್ಲೇ ಇಳಿದಿತ್ತು. ಒಬ್ಬನ ಸಂಕೋಲೆ ಕಳಚಿದ ಕೈಯೇ ಮತ್ತೊಬ್ಬನ ಹೆಬ್ಬೆಟ್ಟನ್ನು ಕರಾರುಪತ್ರಕ್ಕೆ ಒತ್ತಿಸಿಕೊಂಡಿತು.

ಬಿಡುಗಡೆಯ ನೆನಪಿಗೆ ಚಾರ್ಲ್ಸ್ ಬಕ್ಸ್‌ಟನ್ ನೀರನ್ನೇ ಏಕೆ ಆರಿಸಿದನೋ. ಆ ದಿನಗಳಲ್ಲಿ ಲಂಡನ್ನಿನಲ್ಲಿ ಕಾರಂಜಿ ಕಟ್ಟಿಸುವುದು ಒಂದು ಅಲೆಯಾಗಿತ್ತೆಂಬುದೇನೋ ಸರಿ. ಆದರೆ ಅದರ ತಾತ್ಪರ್ಯವನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಅವನ ಬರಹದಿಂದ ಹೊರಗುಳಿದ ಈ ನಾಡಿನಲ್ಲಿದ್ದರು. ಅಮೃತಶಿಲೆಯ ಆ ಮಂಟಪದಲ್ಲಿ ಸರಪಳಿಯ ಲೋಟಕ್ಕೆ ಕೈಚಾಚುವವನ ಕುಲವನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮ ಅರವಟ್ಟಿಗೆಯಲ್ಲೋ, ನೀರು ಎರೆಯುವ ಕೈ ಯಾರದು, ಒಡ್ಡಿದ ಬೊಗಸೆ ಎಷ್ಟು ದೂರದಲ್ಲಿರಬೇಕು ಎಂಬುದು ಮಡಕೆ ತುಂಬುವ ಮೊದಲೇ ಗೊತ್ತಾಗಿರುತ್ತಿತ್ತು. ಇಲ್ಲಿ ದುಡಿಮೆಯ ಸಂಕೋಲೆಯೂ ನೀರಿನ ನಿಷೇಧವೂ ಒಂದೇ ಜನದ ಪಾಲಿಗೆ ಬಂದಿದ್ದವು. ಮುಂಬಯಿ ವಿಧಾನ ಪರಿಷತ್ತು ಸಾರ್ವಜನಿಕ ಕೆರೆಬಾವಿಗಳು ಎಲ್ಲರಿಗೂ ತೆರೆದಿರತಕ್ಕದ್ದೆಂದು ೧೯೨೩ರಲ್ಲಿ ನಿರ್ಣಯ ಮಾಡಿತು. ಮಹಾಡದ ಪುರಸಭೆ ಅದನ್ನು ಕಾಗದದ ಮೇಲೆ ಒಪ್ಪಿಕೊಂಡಿತು. ೧೯೨೭ರ ಮಾರ್ಚ್ ೨೦ರಂದು ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ನಡೆದುಹೋಗಿ ಅಲ್ಲಿಯ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಅದಕ್ಕೆ ಪ್ರತಿಯಾಗಿ ಬಂದದ್ದು ದೊಣ್ಣೆ. ಆಮೇಲೆ ಕೆರೆಯ ಶುದ್ಧೀಕರಣ. ಆಮೇಲೆ ಹತ್ತು ವರ್ಷದ ವ್ಯಾಜ್ಯ. ಮುಂಬಯಿ ಹೈಕೋರ್ಟು ಅಂಬೇಡ್ಕರರ ಪರವಾಗಿ ತೀರ್ಪು ಕೊಟ್ಟದ್ದು ೧೯೩೭ರಲ್ಲಿ. ಬಾವಿ, ಕೆರೆ, ಸ್ನಾನಘಟ್ಟಗಳ ಮಾತನ್ನು ಒಂದು ದೇಶದ ಸಂವಿಧಾನ ತನ್ನ ಮೂಲಭೂತ ಹಕ್ಕುಗಳ ನಡುವೆ, ೧೫ನೆಯ ವಿಧಿಯಲ್ಲಿ, ಏಕೆ ಬರೆದುಕೊಂಡಿತೆಂದು ಹೊರದೇಶದವರು ಕೇಳಿದರೆ ಮಹಾಡದ ಕಡೆಗೆ ಬೆರಳು ತೋರಿಸಬೇಕು. ಜೀತದ ಪದ್ಧತಿಯನ್ನು ಸಾಲದ ಲೆಕ್ಕಸಮೇತ ರದ್ದುಮಾಡುವ ಕಾನೂನು ಬರಲು ೧೯೭೬ ಬರಬೇಕಾಯಿತು.

ಲಂಡನ್ನಿನ ಮಂಟಪದ ಮುಂದಿನ ಕಥೆ ಗೌರವದ್ದೇನಲ್ಲ. ಮೊದಲು ಅದು ಪಾರ್ಲಿಮೆಂಟ್ ಚೌಕದಲ್ಲಿಯೇ ಎದ್ದು ಕಾಣುವಂತೆ ನಿಂತಿತ್ತು. ಚೌಕವನ್ನು ಹೊಸದಾಗಿ ರೂಪಿಸುವ ಕಾಲಕ್ಕೆ, ೧೯೪೯ರಲ್ಲಿ, ಅದನ್ನು ಬಿಚ್ಚಿ ತೆಗೆದರು. ಎಂಟು ವರ್ಷ ಅದಕ್ಕೆ ನೆಲೆಯಿರಲಿಲ್ಲ. ೧೯೫೭ರಲ್ಲಿ ಈಗಿರುವ ಉದ್ಯಾನದಲ್ಲಿ ಜಾಗ ದೊರೆಯಿತು. ೧೯೬೦ರಲ್ಲಿ ಕಳ್ಳರು ನಾಲ್ವರು ಅರಸರನ್ನು ಹೊತ್ತೊಯ್ದರು. ೧೯೭೧ರಲ್ಲಿ ಉಳಿದ ನಾಲ್ವರೂ ಹೋದರು. ೧೯೮೦ರಲ್ಲಿ ಫೈಬರ್ ಗ್ಲಾಸಿನ ಅರಸರನ್ನು ತಂದು ನಿಲ್ಲಿಸಿದರೆ, ೨೦೦೫ರ ಹೊತ್ತಿಗೆ ಅವರೂ ಕಾಣೆ. ನೀರೂ ನಿಂತುಹೋಗಿತ್ತು. ಗುಲಾಮರ ವ್ಯಾಪಾರ ನಿಷೇಧವಾಗಿ ಇನ್ನೂರು ವರ್ಷವಾಗುತ್ತದೆಂದು ನೆನಪಾದಾಗ ದುರಸ್ತಿ ನಡೆದು, ೨೦೦೭ರ ಮಾರ್ಚ್ ೨೭ರಂದು ಮಂಟಪವನ್ನು ಮತ್ತೆ ಜನರ ಮುಂದೆ ತೆರೆದಿಟ್ಟರು.

ಅಲ್ಲಿ ೧೯೮೯ರಲ್ಲಿ ಕೂಡಿಸಿದ ಇನ್ನೊಂದು ಫಲಕವಿದೆ; ನೋಡುವವರ ಕಣ್ಣು ಅದರ ಮೇಲೆ ಬೀಳುವುದು ಕಡಮೆ. ೧೮೩೯ರಲ್ಲಿ ಹುಟ್ಟಿದ ಗುಲಾಮಗಿರಿ ವಿರೋಧಿ ಸಂಘಕ್ಕೆ ನೂರೈವತ್ತು ತುಂಬಿದುದರ ಗುರುತು ಅದು. ಬ್ರಿಟಿಷ್ ವಸಾಹತುಗಳ ಕೆಲಸ ಮುಗಿಯಿತೆಂದು ಎಲ್ಲರೂ ನಿಟ್ಟುಸಿರು ಬಿಟ್ಟ ಮರುವರ್ಷ, ಮುಗಿದಿಲ್ಲವೆಂದು ಹುಟ್ಟಿದ ಸಂಘ. ಮರುವರ್ಷ, ೧೮೪೦ರಲ್ಲಿ, ಅದು ಲಂಡನ್ನಿನಲ್ಲಿ ಕೂಡಿಸಿದ ಜಾಗತಿಕ ಸಮ್ಮೇಳನದ ಮುಂದೆ ಭಾರತದ ಗುಲಾಮಗಿರಿಯ ವಿಷಯವೂ ಬಂದಿತ್ತು. ಹೆಸರನ್ನು ಬದಲಿಸಿಕೊಂಡು ಆ ಸಂಘ ಇಂದಿಗೂ ಕೆಲಸ ಮಾಡುತ್ತಿದೆ, ಅದರ ಕಡತಗಳಲ್ಲಿ ನಮ್ಮ ಜೀತದಾಳುಗಳ ಕಡತವೂ ಒಂದು.